17 ಗಂಟೆಯ ದೂರ

2021ರ ಜನವರಿಯಲ್ಲಿ ಒಂದು ಬೆಳಿಗ್ಗೆ, ಜಯನಗರದ ನಮ್ಮ ಮನೆಯಲ್ಲಿ ಪೇಪರ್ ಓದುತ್ತಿದ್ದ ಅಮ್ಮ ತಲೆಯೆತ್ತಿ ಕೇಳಿದಳು: “ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ಬೆಂಗಳೂರಿಗೇ ವಿಮಾನ ಬಂತಂತೆ. ಹದಿನೇಳು ಗಂಟೆ ಅಷ್ಟೇ. ಇದು ಆವಾಗಲೇ ಇದ್ದಿದ್ರೆ ನಿಮ್ಮಣ್ಣ ಬರೋ ತನಕ ಕಾಯಬಹುದಿತ್ತಲ್ವೇನೋ?”

ಆವಾಗ ಅಂದರೆ 2009ರ ಜನವರಿ. ಅಪ್ಪ ತೀರಿಕೊಂಡದ್ದು ಒಂದು ಶುಕ್ರವಾರ ಬೆಳಗಿನ ಜಾವ. ಸಂಜೆಯೊಳಗೆ ಬನಶಂಕರಿಯ ಚಿತಾಗಾರದಲ್ಲಿ ಎಲ್ಲ ಮುಗಿದಿತ್ತು. ಎರಡು ಕಡೆ ವಿಮಾನ ಬದಲಿಸಿ ಅಣ್ಣ ಮನೆ ತಲುಪಿದ್ದು ಭಾನುವಾರ ಬೆಳಿಗ್ಗೆ.

ಅಮ್ಮ ಓದುತ್ತಿದ್ದದ್ದು ನಿಜಕ್ಕೂ ದೊಡ್ಡ ಸುದ್ದಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳುತನದಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ದಾರಿಯಲ್ಲಿ ಎಲ್ಲೂ ಇಳಿಸದೆ ತಂದಿದ್ದರು. ಭೂಪಟವನ್ನು ಗೋಡೆಗೆ ತೂಗುಹಾಕಿ ನೋಡುವವರಿಗೆ ಈ ದಾರಿ ವಿಚಿತ್ರ ಅನ್ನಿಸಬಹುದು. ಗೋಳದ ಮೇಲೆ ದಾರ ಎಳೆದು ನೋಡಿದರೆ ಗೊತ್ತಾಗುತ್ತದೆ. ಎರಡೂ ಊರುಗಳ ನಡುವೆ ಸುಮಾರು 160 ಡಿಗ್ರಿ ರೇಖಾಂಶದ ಅಂತರ, ಅಂದರೆ ಹೆಚ್ಚುಕಮ್ಮಿ ಭೂಮಿಯ ಎದುರುಬದುರು ಮಗ್ಗುಲುಗಳು. ಹಾಗಾಗಿ ಹತ್ತಿರದ ದಾರಿ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ನೆತ್ತಿಯ ಮೇಲೆ. ಆ ದೂರ ಸುಮಾರು 14,000 ಕಿಲೋಮೀಟರ್. ಜನವರಿ 9ರ ಶನಿವಾರ ರಾತ್ರಿ ಹೊರಟವರು ಇಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ. ಹಾರಾಟ 17 ಗಂಟೆಗೆ ಮಿಕ್ಕಿ, ಅದರ ಮೇಲೆ ಹದಿಮೂರೂವರೆ ಗಂಟೆಯ ಕಾಲವ್ಯತ್ಯಾಸ. ಪ್ರಯಾಣಿಕರ ಕ್ಯಾಲೆಂಡರಿನಿಂದ ಒಂದು ಭಾನುವಾರವೇ ಮಾಯ.

ಆದರೆ ಊರುಗಳ ನಡುವಿನ ದೂರವನ್ನು ಹಾರಾಟದ ಗಂಟೆಗಳಲ್ಲಷ್ಟೇ ಅಳೆಯಲು ಬರುವುದಿಲ್ಲ. ನಮ್ಮ ನಾಡಿಗೆ ವಿಮಾನದ ಟಪಾಲು ಬಂದ ಕತೆಯನ್ನೇ ನೋಡಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟದೊಂದು ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ರೈಲಿಗಿಂತ ಎಷ್ಟೋ ಬೇಗ, ನಿಜ. ಆದರೆ ಆ ಸೇವೆ ಇದ್ದದ್ದು ವಾರಕ್ಕೊಮ್ಮೆ. ವಿಮಾನ ಹೋದ ಮರುದಿನ ಬರೆದ ಕಾಗದಕ್ಕೆ ಮೊದಲು ಆರು ದಿನದ ದೂರ, ಆಮೇಲೆ ಆಕಾಶದ ದೂರ.

ಅಮ್ಮನ ಪ್ರಶ್ನೆಗೆ ನಾನು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಆ ಹೊಸ ವಿಮಾನ ಅಲ್ಲಿಂದ ಹೊರಡುತ್ತಿದ್ದದ್ದು ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶನಿವಾರ. ಅಪ್ಪ ಹೋದಾಗ ಅಲ್ಲಿ ಗುರುವಾರ ಮಧ್ಯಾಹ್ನ. ಅಣ್ಣ ಶನಿವಾರ ರಾತ್ರಿಯವರೆಗೆ ಕಾದು, ಸೋಮವಾರ ನಸುಕಿಗೆ ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ಜಯನಗರಕ್ಕೆ ಮತ್ತೆ ನಲವತ್ತು ಕಿಲೋಮೀಟರ್ ಬರಬೇಕಾಗುತ್ತಿತ್ತು. ಸುತ್ತುದಾರಿಯಲ್ಲಿ ಬಂದವನು ಅದಕ್ಕಿಂತ ಒಂದು ದಿನ ಮೊದಲೇ ಮನೆಯಲ್ಲಿದ್ದ.

ಲೆಕ್ಕವನ್ನು ಅಮ್ಮನಿಗೆ ವಿವರಿಸಿದೆ. ಅವಳು ಪೇಪರ್ ಮಡಿಸಿಟ್ಟಳು.

“ಹಾಗಾದ್ರೆ ಅವನು ಬಂದಿದ್ದೇ ಬೇಗ ಅನ್ನು,” ಅಂದಳು. “ಪಾಪ, ಹನ್ನೆರಡು ವರ್ಷದಿಂದ ತಡ ಮಾಡಿದೆ ಅಂತ ಕೊರಗ್ತಿದಾನೆ. ಇವತ್ತು ಫೋನ್ ಮಾಡಿದಾಗ ಹೇಳ್ತೀನಿ.”