ಸೋಗೆ, ಹಂಚು, ಸಿಮೆಂಟು: ತೇವದ ಜೊತೆ ಬಾಳಿದ ಮನೆಗಳು

ಮಳೆಗಾಲ ಬಂತೆಂದರೆ ಮುಂಬೈಯ ಕನ್ನಡ ಮನೆಗಳಲ್ಲಿ ದೂರು ಒಂದೇ. ಕಪಾಟು ತೆಗೆದರೆ ಮುಗ್ಗಲು ವಾಸನೆ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಬೂಷ್ಟು, ಮಂಚದ ಹಿಂದಿನ ಗೋಡೆಯಲ್ಲಿ ಬಣ್ಣ ಉಬ್ಬಿ ಚಕ್ಕೆ ಏಳುವುದು. ‘ಊರಲ್ಲಿ ಇದಕ್ಕಿಂತ ಜೋರು ಮಳೆ, ಆದರೂ ಹೀಗಾಗುತ್ತಿರಲಿಲ್ಲ’ ಎಂದು ಹಿರಿಯರು ಸೇರಿಸುತ್ತಾರೆ. ಮಳೆಯ ಮಾತು ನಿಜ. ಮುಂಬೈಗೆ ವರ್ಷಕ್ಕೆ ಬೀಳುವುದು ಸುಮಾರು 2,300 ಮಿ.ಮೀ., ಮಂಗಳೂರಿಗೆ 3,500ಕ್ಕೂ ಹೆಚ್ಚು, ಆಗುಂಬೆಗೆ 7,000ಕ್ಕೂ ಮೇಲೆ. ಆದರೆ ಊರಿನ ಮನೆ ನೆನೆಯುತ್ತಿರಲಿಲ್ಲ ಎಂಬುದು ಸರಿಯಲ್ಲ. ಅದು ಚೆನ್ನಾಗಿಯೇ ನೆನೆಯುತ್ತಿತ್ತು. ಒಣಗುವುದೂ ಅದಕ್ಕೆ ಗೊತ್ತಿತ್ತು.

ಹಳೆಯ ಮಲೆನಾಡಿನ ಮಣ್ಣಿನ ಮನೆಯನ್ನು ನೆನಪಿಸಿಕೊಳ್ಳಿ. ಮಾಡು ಗೋಡೆಯನ್ನು ದಾಟಿ ಜಗಲಿಯಾಚೆಗೂ ಚಾಚಿರುತ್ತಿತ್ತು. ಇರಚಲು ಹೊಡೆಯುವ ಕಡೆಯ ಗೋಡೆಗೆ ಮಳೆಗಾಲಕ್ಕೆ ಮೊದಲೇ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಳೆ ಮುಗಿದ ಮೇಲೆ ಬಿಚ್ಚುತ್ತಿದ್ದರು. ಅಡುಗೆಮನೆಯ ಮೇಲೆ ಅಟ್ಟ. ಒಲೆಯ ಬಿಸಿ ಮತ್ತು ಹೊಗೆ ಅಟ್ಟವನ್ನು ಹಾದು ಮಾಡಿನ ಸಂದುಗಳಿಂದ ಹೊರಹೋಗುತ್ತಿದ್ದವು. ಅಡಿಕೆ, ಬಿತ್ತನೆ ಬೀಜ, ಬುಟ್ಟಿ, ಹಗ್ಗ, ಕೆಡಬಾರದ್ದೆಲ್ಲ ಅಲ್ಲಿಗೇ. ಹೊಗೆ ಮರದ ತೊಲೆಗಳಿಗೆ ಮಸಿಯ ಲೇಪ ಕೊಟ್ಟು ಹುಳುವನ್ನೂ ದೂರ ಇಡುತ್ತಿತ್ತು. ಇದನ್ನು ಹೊಗಳುವಾಗ ಆ ಒಲೆಯ ಮುಂದೆ ಕೂತವರನ್ನು ಮರೆಯಬಾರದು. ಮನೆಯ ಮರಮುಟ್ಟು ಉಳಿಸಿದ ಅದೇ ಹೊಗೆ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ತಿಂದಿತು.

ಸೋಗೆ, ಹುಲ್ಲಿನ ಮಾಡಿಗೆ ಇನ್ನೆರಡು ಕಷ್ಟಗಳಿದ್ದವು: ಬೆಂಕಿಯ ಭಯ, ಮತ್ತೆ ಮತ್ತೆ ಹೊಸದಾಗಿ ಹೊದಿಸುವ ಖರ್ಚು. ಅದಕ್ಕೆ ಉತ್ತರ ಬಂದದ್ದು ಒಂದು ಮುದ್ರಣಾಲಯದ ಮನುಷ್ಯನಿಂದ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಾವೆಲ್ಲ ಕಿಟ್ಟೆಲ್ ನಿಘಂಟಿನ ಮೂಲಕ ಬಲ್ಲ ಮಿಷನ್ ಅದೇ. ಮತಾಂತರಗೊಂಡವರು ಹಳೆಯ ಕಸುಬು, ನೆಂಟಸ್ತಿಕೆ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ದುಡಿಮೆ ಬೇಕಿತ್ತು. ಮಿಷನ್‌ನ ಮುದ್ರಣದ ಕೆಲಸ ನೋಡಿಕೊಳ್ಳುತ್ತಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ಉಪಾಯ ಹೊಸದೇನಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಜಿಲಾರ್ಡೋನಿ ಸಹೋದರರು 1841ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ನದೀತೀರದ ಜೇಡಿಮಣ್ಣು, ಘಟ್ಟದ ಸೌದೆ, ಕೈಯಳತೆಯಲ್ಲಿ ಬಂದರು, ಮೂರೂ ಮಂಗಳೂರಿನಲ್ಲಿ ಕೂಡಿದ್ದವು. ಹಡಗುಗಳಲ್ಲಿ ಹಂಚು ಮುಂಬೈಗೆ ಹೋಯಿತು, ಪೂರ್ವ ಆಫ್ರಿಕಕ್ಕೂ ಹೋಯಿತು.

ಈ ಹಂಚಿನ ಜಾಣತನ ಅದರ ಜೋಡಣೆಯಲ್ಲಿದೆ. ಗಾರೆಯಿಲ್ಲ, ಅಂಟಿಲ್ಲ, ಮರದ ರೀಪಿನ ಮೇಲೆ ಸುಮ್ಮನೆ ಕೂರುತ್ತದೆ. ಮಳೆನೀರು ಗಾಡಿ ಹಿಡಿದು ಇಳಿಯುತ್ತದೆ, ಒಳಗಿನ ಬಿಸಿ ತೇವದ ಗಾಳಿ ಸಂದುಗಳಿಂದ ಮೇಲೆ ನುಸುಳುತ್ತದೆ. ಕೆಳಗೆ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ. ನೆಲದಿಂದ ಗೋಡೆಗೆ ಏರಿದ ನೀರು ಸುಣ್ಣದ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ ಬಳಿಯುವುದು ಬರೀ ಚೆಂದಕ್ಕಲ್ಲ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಬೆಳೆಯದು.

ಆಮೇಲೆ ಸಿಮೆಂಟು ಬಂತು. 1914ರಲ್ಲಿ ಪೋರಬಂದರಿನಲ್ಲಿ ತಯಾರಿಕೆ ಶುರುವಾಯಿತು, 1936ರ ಹೊತ್ತಿಗೆ ಹತ್ತು ಕಂಪನಿಗಳು ಸೇರಿ ಎಸಿಸಿ ಆಯಿತು. ಅದೇ ದಶಕದಲ್ಲಿ ಮುಂಬೈಯ ಮರೀನ್ ಡ್ರೈವ್ ಉದ್ದಕ್ಕೂ ಕಾಂಕ್ರೀಟಿನ ಮನೆಗಳು ಎದ್ದವು. ಸಿಮೆಂಟನ್ನು ಬೈದು ಸುಖವಿಲ್ಲ, ಅದಿಲ್ಲದೆ ಆ ಊರಿಗೆ ಹೋದ ನಮ್ಮವರಿಗೆ ಸೂರೂ ಇರುತ್ತಿರಲಿಲ್ಲ. ಆದರೆ ಅದರ ಗುಣ ಬೇರೆ. ಬಿರುಕು ಬಿಟ್ಟಾಗ ನೀರನ್ನು ಒಳಗೆ ಬಿಡುತ್ತದೆ, ಗಟ್ಟಿಯಾಗಿರುವುದರಿಂದ ಬೇಗ ಹೊರಗೆ ಬಿಡುವುದಿಲ್ಲ. ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಇದ್ದ ದಾರಿಯೂ ಮುಚ್ಚಿತು. ನೀರಿನ ಜೊತೆ ಬಂದ ಲವಣ ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತದೆ. ನೀವು ಪ್ರತಿವರ್ಷ ಕೆರೆದು ತೆಗೆಯುವ ಚಕ್ಕೆ ಅದೇ.

ಊರಿನಲ್ಲೂ ಈಗ ಹಳೆಯ ಮುರಕಲ್ಲಿನ ಗೋಡೆಗೆ ‘ಗಟ್ಟಿಯಾಗಲಿ’ ಎಂದು ಸಿಮೆಂಟು ಮೆತ್ತುತ್ತಾರೆ. ಅಜ್ಜನ ಮನೆಯನ್ನು ದುರಸ್ತಿ ಮಾಡಿಸಲು ದೂರದಿಂದ ಹಣ ಕಳಿಸುವವರು ಮೇಸ್ತ್ರಿಯನ್ನು ಇದೊಂದು ಮಾತು ಕೇಳಬೇಕು: ಗೋಡೆಯ ತೇವ ಎಲ್ಲಿಂದ ಹೊರಗೆ ಹೋಗುತ್ತದೆ? ನೂರು ವರ್ಷ ನಿಂತ ಗೋಡೆ ಸಿಮೆಂಟಿನ ಹೊದಿಕೆಯೊಳಗೆ ಕೆಲವೇ ಮಳೆಗಾಲಗಳಲ್ಲಿ ಪುಡಿಯಾಗಬಹುದು. ಇನ್ನೊಂದು ತಮಾಷೆ ನೋಡಿ. ಕರಾವಳಿಯಲ್ಲಿ ಹಂಚು ಇಳಿಸಿ ತಾರಸಿ ಹಾಕಿಸಿದವರು, ಅದು ಸೋರಿದ ಮೇಲೆ ತಾರಸಿಯ ಮೇಲೆ ತಗಡಿನ ಮಾಡು ಕಟ್ಟಿಸುತ್ತಿದ್ದಾರೆ. ಮುಂಬೈಯ ಸೊಸೈಟಿಗಳ ಮೇಲೂ ಅದೇ ತಗಡು, ಅದೇ ಇಳಿಜಾರು.

ಫ್ಲ್ಯಾಟಿನಲ್ಲಿ ಇರುವವರು ಪೇಂಟಿನವನನ್ನು ಕರೆಸುವ ಮುಂಚೆ ಒಂದು ಪರೀಕ್ಷೆ ಮಾಡಬಹುದು. ಒಂದು ಚದರ ಅಡಿಯಷ್ಟು ಅಲ್ಯೂಮಿನಿಯಂ ಫಾಯಿಲನ್ನು ಗೋಡೆಗೆ ನಾಲ್ಕೂ ಅಂಚು ಟೇಪು ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಕೋಣೆಯ ಕಡೆಯ ಮೈ ಒದ್ದೆಯಾದರೆ ಅದು ಮನೆಯೊಳಗಿನದೇ ಆವಿ: ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ. ಎಕ್ಸಾಸ್ಟ್ ಫ್ಯಾನ್ ಹಾಕಿ, ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದು ಗಾಳಿಯಾಡಲು ಬಿಟ್ಟರೆ ಬಹುಪಾಲು ಸರಿಹೋಗುತ್ತದೆ. ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಆಗ ಹುಡುಕಬೇಕಾದ್ದು ಹೊರಗಿನ ಬಿರುಕು, ಮೇಲಿನ ಮನೆಯ ಬಚ್ಚಲು, ಇಲ್ಲವೇ ಒಡೆದ ಪೈಪು.