ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರು ಮತ್ತು ಅವರ ವಾರಪತ್ರಿಕೆ

ಮೈಸೂರಲ್ಲಿ ಯಾರ ಹತ್ತಿರವಾದರೂ "ಮರಿಮಲ್ಲಪ್ಪ" ಅಂದು ನೋಡಿ, ತಕ್ಷಣ ಪಿಯುಸಿ ರಿಸಲ್ಟಿನ ಮಾತು ಶುರುವಾಗುತ್ತೆ. ಸ್ವಲ್ಪ ಹಳಬರಾದರೆ ಗುರಿಕಾರ ಮರಿಮಲ್ಲಪ್ಪನವರ ಹೆಸರು ಹೇಳುತ್ತಾರೆ. ಅರಮನೆ ಚಾಕರಿಯಲ್ಲಿದ್ದು, ಇದ್ದ ಆಸ್ತಿಯನ್ನು ವಿದ್ಯೆಗೆ ಅಂತ ಬಿಟ್ಟುಹೋದ ಪುಣ್ಯಾತ್ಮ. ಶಾಲೆ ಶುರುವಾಗಿದ್ದು 1876ರಲ್ಲಿ. ಆದರೆ ಅಲ್ಲಿ ಹೆಡ್‌ಮಾಸ್ಟರಾಗಿದ್ದವರೊಬ್ಬರು ಹಗಲು ಪಾಠ ಹೇಳಿಕೊಂಡು, ಜೊತೆಗೆ ವಾರಕ್ಕೊಂದು ಪತ್ರಿಕೆ ಹೊರಡಿಸುತ್ತಾ ಮೈಸೂರಿನ ದಿವಾನರ ನಿದ್ದೆ ಕೆಡಿಸುತ್ತಿದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅವರ ಹೆಸರು ಎಂ. ವೆಂಕಟಕೃಷ್ಣಯ್ಯ. ಊರಿಗೆಲ್ಲ "ತಾತಯ್ಯ". ಈ ಸಲ ಅವರ ಬಗ್ಗೆ ಸ್ವಲ್ಪ ಕೊರೆಯೋಣ ಅಂತ. ಇತಿಹಾಸ ಅಂದರೆ ಆಕಳಿಸುವವರು ಈಗಲೇ ಎದ್ದು ಕಾಫಿ ತಂದುಕೊಳ್ಳಿ :)

ತಾತಯ್ಯ ಹುಟ್ಟಿದ್ದು 1844ರಲ್ಲಿ, ಹೆಗ್ಗಡದೇವನಕೋಟೆ ತಾಲೂಕಿನ ಮಗ್ಗೆಯಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿದ್ದು ಅದರ ಹಿಂದಿನ ವರ್ಷ, 1843ರ ಜುಲೈ 1ಕ್ಕೆ. ಅಂದರೆ ಕನ್ನಡದ ಪತ್ರಿಕೆಗೂ ಇವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮಂಗಳೂರಲ್ಲಿ ಆ ಕೆಲಸ ಮಾಡಿದ್ದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಮೈಸೂರಿಗೆ ಪತ್ರಿಕೆ ಬಂದಿದ್ದು ಆಮೇಲೆ. 1859ರಲ್ಲಿ ಭಾಷ್ಯಂ ಭಾಷ್ಯಾಚಾರ್ಯರ 'ಮೈಸೂರು ವೃತ್ತಾಂತ ಬೋಧಿನಿ', 1865ರಲ್ಲಿ 'ಕರ್ಣಾಟಕ ಪ್ರಕಾಶಿಕ'.

ತಾತಯ್ಯನವರ ವಾರಪತ್ರಿಕೆ 'ವೃತ್ತಾಂತ ಚಿಂತಾಮಣಿ' ಶುರುವಾಗಿದ್ದು 1885ರಲ್ಲಿ. ಆ ವರ್ಷ ಯಾಕೆ ಮುಖ್ಯ ಅಂತ ತಿಳಿಯೋಕೆ ನಾಲ್ಕು ವರ್ಷ ಹಿಂದೆ ಹೋಗಬೇಕು. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಲಿದ್ದ ಮೈಸೂರು 1881ರಲ್ಲಿ ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಮೊದಲ ಸಲ ಬಂದವರು 144 ಜನ, ಹೆಚ್ಚಾಗಿ ಜಮೀನುದಾರರು, ವ್ಯಾಪಾರಿಗಳು. ಇಂಡಿಯಾದ ಸಂಸ್ಥಾನಗಳಲ್ಲಿ ಇದೇ ಮೊದಲು ಅಂತ ನಾವು ಈಗಲೂ ಕಾಲರ್ ಎತ್ತಿಕೊಂಡು ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದ್ದೇ. ಆದರೆ ಒಂದು ತೊಡಕಿತ್ತು. ಸಭೆ ಸೇರುತ್ತಿದ್ದದ್ದು ವರ್ಷಕ್ಕೊಮ್ಮೆ, ದಸರಾ ಹೊತ್ತಿಗೆ. ಬಂದವರು ಅಹವಾಲು ಹೇಳಬಹುದು, ದಿವಾನರ ವರದಿ ಕೇಳಬಹುದು, ಅಷ್ಟೇ. ತೀರ್ಮಾನ ಮಾಡುವ ಅಧಿಕಾರ ಇರಲಿಲ್ಲ. ದಸರಾ ಮುಗಿದ ಮೇಲೆ ಉಳಿದ ವಾರಗಳಲ್ಲಿ ಯಾರನ್ನು ಕೇಳೋದು?

ನನ್ನ ಪ್ರಕಾರ ಆ ಉಳಿದ ವಾರಗಳಿಗೆ ಹುಟ್ಟಿದ್ದೇ ತಾತಯ್ಯನವರ ಪತ್ರಿಕೆ. ಅವರು ಪ್ರಜಾಪ್ರತಿನಿಧಿ ಸಭೆಯಲ್ಲೂ ಎದ್ದುನಿಂತು ಕೇಳುತ್ತಿದ್ದವರೇ. ಸಭೆಯಲ್ಲಿ ಕೇಳಿ ಉತ್ತರ ಸಿಗದ್ದನ್ನು ಪತ್ರಿಕೆಯಲ್ಲಿ ಕೇಳಬಹುದಿತ್ತು. 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಸಾಮಾನ್ಯರಲ್ಲ. ಶಿವನಸಮುದ್ರದ ವಿದ್ಯುತ್ ಯೋಜನೆ ಅವರ ಕನಸು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಂಥವರ ಆಡಳಿತವನ್ನು ಒಬ್ಬ ಸ್ಕೂಲ್ ಮೇಷ್ಟ್ರು ವಾರವಾರ ಟೀಕಿಸುವುದು ಅಂದರೆ! ಶಾಲೆ ನಡೆಸುವವನಿಗೆ ಪರೀಕ್ಷೆ, ಪಠ್ಯ, ಇನ್‌ಸ್ಪೆಕ್ಟರು ಅಂತ ಸರ್ಕಾರದ ಹಂಗು ಇದ್ದೇ ಇರುತ್ತೆ. ಇವತ್ತು ನಮ್ಮಲ್ಲಿ ಎಷ್ಟು ಹೆಡ್‌ಮಾಸ್ಟರುಗಳು ಒಂದು ವಾಚಕರ ವಾಣಿಗಾದರೂ ತಮ್ಮ ಹೆಸರು ಹಾಕಿ ಬರೆಯುತ್ತಾರೆ, ಹೇಳಿ.

ಹಾಗಂತ ಅವರನ್ನು ದೇವರು ಮಾಡಿ ಕೂರಿಸೋದು ಬೇಡ. ಆ ಕಾಲದ ಮೈಸೂರು ಪತ್ರಿಕೆಗಳ ದೊಡ್ಡ ಜಗಳ "ಮೈಸೂರಿನವರು" ಮತ್ತು "ಮದರಾಸಿನವರು" ಅನ್ನೋದು. ಹೊರಗಿಂದ ಬಂದವರಿಗೆ ದೊಡ್ಡ ಹುದ್ದೆಗಳು ಹೋಗುತ್ತಿವೆ ಅನ್ನೋ ಸಿಟ್ಟು. ಸಿಟ್ಟು ನ್ಯಾಯವಾದದ್ದೇ, ಆದರೆ ಆ ಹುದ್ದೆಗಳಿಗೆ ಪೈಪೋಟಿ ಮಾಡುತ್ತಿದ್ದವರು ಎರಡೂ ಕಡೆ ಬಹುಪಾಲು ಬ್ರಾಹ್ಮಣರೇ. ಮಿಕ್ಕ ಜಾತಿಯವರು "ನಮ್ಮ ಪಾಲೆಲ್ಲಿ?" ಅಂತ ಸಂಘಟಿತರಾಗಿ ಕೇಳಿದ್ದು 1917ರ ಪ್ರಜಾಮಿತ್ರ ಮಂಡಳಿಯಿಂದ. ಅದರ ಹಿಂದೆಯೇ 1918ರಲ್ಲಿ ಮಿಲ್ಲರ್ ಸಮಿತಿ ಬಂತು. ಆ ಪ್ರಶ್ನೆಯ ಮುಂದೆ ಹಳೇ ಜಗಳ ಸಣ್ಣದಾಗಿ ಕಾಣುತ್ತೆ.

ಇನ್ನು ಪತ್ರಿಕೆ ಮಾಡುವ ಕೆಲಸ. ಈ ಪೋಸ್ಟನ್ನು ನಾನು ಟೈಪ್ ಮಾಡುವಾಗ "ಕ್" ಆದಮೇಲೆ "ಷ" ಒತ್ತಿದರೆ ಫಾಂಟು ತಾನೇ ಸೇರಿಸಿ "ಕ್ಷ" ಮಾಡಿಕೊಡುತ್ತೆ. ಅಚ್ಚುಕೂಟದಲ್ಲಿ ಆ ಉಪಕಾರ ಇಲ್ಲ. ಕಾಗುಣಿತದ ರೂಪಗಳಿಗೆ, ಒತ್ತಕ್ಷರಗಳಿಗೆ ಬೇರೆ ಬೇರೆ ಸೀಸದ ಮೊಳೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಕ್ಕೆ ಸಾಕಾಗುವ ಖಾನೆಗಳು ಕನ್ನಡಕ್ಕೆ ಎಲ್ಲಿ ಸಾಕು? ಒಂದೊಂದೇ ಮೊಳೆ ಹೆಕ್ಕಿ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಜೋಡಿಸಿ, ಕರಡು ತಿದ್ದಿ, ಅಚ್ಚಾದ ಮೇಲೆ ಮತ್ತೆ ಬಿಡಿಸಿ ಖಾನೆಗೆ ಹಾಕಬೇಕು. ಮುಂದಿನ ವಾರಕ್ಕೆ ಅವೇ ಮೊಳೆ ಬೇಕಲ್ಲ. ಎರಡು ತಿಂಗಳಿಗೊಂದು ಪೋಸ್ಟ್ ಹಾಕಿ "ಕೆಲಸದ ಒತ್ತಡ" ಅನ್ನುವ ನಾವು (ನಾನೂ ಸೇರಿ) ಸ್ವಲ್ಪ ನಾಚಿಕೊಳ್ಳಬಹುದು.

ಒಂದೇ ಪತ್ರಿಕೆಗೆ ಅವರು ನಿಲ್ಲಲಿಲ್ಲ. ಎಂ.ಎಸ್. ಪುಟ್ಟಣ್ಣ ಮೊದಲಾದವರು 1883ರಲ್ಲಿ ಶುರು ಮಾಡಿದ್ದ 'ಹಿತಬೋಧಿನಿ' ಆಮೇಲೆ ಇವರ ಕೈಗೆ ಬಂತು. 1899ರಲ್ಲಿ 'ಸಾಧ್ವಿ' ಶುರುವಾಯಿತು. ನಡುವೆ ಅನಾಥ ಮಕ್ಕಳಿಗೆ ಅನಾಥಾಲಯವನ್ನೂ ಕಟ್ಟಿದರು.

ಈಗ 1908ಕ್ಕೆ ಬರೋಣ. 1907ರಲ್ಲಷ್ಟೇ ಮೈಸೂರಿಗೆ ನ್ಯಾಯವಿಧಾಯಕ ಸಭೆ ಬಂದಿತ್ತು. ಒಂದು ಕಡೆ ಬಾಗಿಲು ತೆರೆದ ಸರ್ಕಾರ ಮರುವರ್ಷವೇ ಇನ್ನೊಂದು ಕಡೆ ಬೀಗ ಹಾಕಿತು. ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ ಪತ್ರಿಕಾ ಕಾಯಿದೆ ಬಂತು: ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕು, ಕೊಟ್ಟ ಅಪ್ಪಣೆಯನ್ನು ಸರ್ಕಾರವೇ ಕಿತ್ತುಕೊಳ್ಳಬಹುದು. ತಿಲಕರನ್ನು ಬಂಧಿಸಿ ಮಂಡಾಲೆಗೆ ಕಳಿಸಿದ ವರ್ಷ ಅದು. ಬ್ರಿಟಿಷ್ ಇಂಡಿಯಾದಲ್ಲೂ ಪತ್ರಿಕೆಗಳ ಮೇಲೆ ಹೊಸ ಕಾನೂನು ಬಿದ್ದಿತ್ತು.

ತಾತಯ್ಯನವರಿಗೆ ಆಗ ಅರವತ್ತು ದಾಟಿತ್ತು. ಅಪ್ಪಣೆ ತೊಗೊಂಡು, ಸ್ವಲ್ಪ ಮೆತ್ತಗೆ ಬರೆದುಕೊಂಡು ಇರಬಹುದಿತ್ತು. ಅವರು ಹಾಗೆ ಮಾಡದೆ, ಕಾಯಿದೆಯನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು.

ಇದು ಸರಿಯಾ ಅಂತ ನಾನು ತುಂಬ ಯೋಚಿಸಿದ್ದೇನೆ. ಪತ್ರಿಕೆ ನಿಂತರೆ ಸರ್ಕಾರಕ್ಕೆ ಲಾಭವೇ ತಾನೆ? ಕೇಳುವವನೇ ಬಾಯಿ ಮುಚ್ಚಿಕೊಂಡರೆ ದಿವಾನರಿಗೆ ಏನು ನಷ್ಟ? ಆಫೀಸಿನಲ್ಲಿ ಗೆಳೆಯನೊಬ್ಬನ ಹತ್ತಿರ ಈ ಕಥೆ ಹೇಳಿದಾಗ ಅವನು ಕೇಳಿದ್ದೂ ಇದನ್ನೇ. ಆದರೆ ಓದುವವನ ಕಡೆಯಿಂದ ನೋಡಿ. ಅಪ್ಪಣೆಯ ಮೇಲೆ ನಡೆಯುವ ಪತ್ರಿಕೆಯಲ್ಲಿ ದಿವಾನರ ಹೊಗಳಿಕೆ ಬಂದರೂ ಅನುಮಾನ, ತೆಗಳಿಕೆ ಬರದಿದ್ದರೂ ಅನುಮಾನ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಗೆ ಬರುತ್ತಿದ್ದ ಪತ್ರಿಕೆ ಒಂದು ವಾರ ಬಾರದಿದ್ದರೆ ಮಾತ್ರ, ಯಾಕೆ ಬರಲಿಲ್ಲ ಅಂತ ಊರಿಗೇ ಗೊತ್ತಾಗುತ್ತೆ. ಮೇಷ್ಟ್ರಿಗೆ ಆ ಲೆಕ್ಕ ಚೆನ್ನಾಗಿ ತಿಳಿದಿತ್ತು ಅಂತ ನನಗನ್ನಿಸುತ್ತೆ. ಗೆಳೆಯ ಇನ್ನೂ ಒಪ್ಪಿಲ್ಲ.

'ಸಾಧ್ವಿ' ಮುಂದೆ ಅವರ ಶಿಷ್ಯ ಅಗರಂ ರಂಗಯ್ಯನವರ ಕೈಯಲ್ಲಿ ಮತ್ತೆ ಬೆಳೆಯಿತು. "ದಯಾಸಾಗರ" ಅನ್ನೋ ಬಿರುದು ಪಡೆದ ತಾತಯ್ಯ ತೀರಿಕೊಂಡಿದ್ದು 1933ರಲ್ಲಿ.

ಅಂದಹಾಗೆ, ಇಷ್ಟೆಲ್ಲ ಗಂಭೀರ ಮನುಷ್ಯ 'ಚೋರಗ್ರಹಣ ತಂತ್ರ' ಅಂತ ಒಂದು ಪತ್ತೇದಾರಿ ಕಥೆಯನ್ನೂ ಬರೆದಿದ್ದಾರೆ. ಹೆಡ್‌ಮಾಸ್ಟರು ಕಳ್ಳನನ್ನು ಹಿಡಿಯುವ ಕಥೆ ಬರೆದರೆ ಮರಿಮಲ್ಲಪ್ಪ ಶಾಲೆಯ ಹುಡುಗರ ಪಾಡು ಏನಾಗಿತ್ತೋ! ಆ ಪುಸ್ತಕ ಓದಿದವರಿದ್ದರೆ ಕೆಳಗೆ ನಾಲ್ಕು ಸಾಲು ಬರೆಯಿರಿ.