ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ

ಬ್ಯಾರಿ ಮನೆಯಲ್ಲಿ ಬೆಳೆದ ನಮಗೆ ಹಲವು ಭಾಷೆಗಳ ಬಾಲ್ಯ ಹೊಸದಲ್ಲ. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ ಮಲಯಾಳಂ ಲಿಪಿಯ ಕಿತಾಬು, ಶಾಲೆಯಲ್ಲಿ ಕನ್ನಡ. ಹಾಗಾಗಿ ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರಿನ ಕನ್ನಡಿಗರ ಚರಿತ್ರೆ ನನಗೆ ದೂರದ ಕತೆ ಅನಿಸುವುದಿಲ್ಲ.

ಈ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಆಡಳಿತ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಕಲಿಸಿತು. ಇಂಗ್ಲಿಷನ್ನು ಬಿಟ್ಟು ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಧನೆಯೇ. ಆದರೆ ಮನೆಯಲ್ಲಿ ಕನ್ನಡವೋ ತೆಲುಗೋ ಆಡುವ ಮಗುವಿಗೆ ಉರ್ದು ಕೂಡ ಹೊಸದಾಗಿ ಹತ್ತಬೇಕಾದ ಮೆಟ್ಟಿಲು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂತು. ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ್ ಮತ್ತು ಜಹೀರಾಬಾದ್ ತಾಲೂಕಿನ ಬಹುಭಾಗ, ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ಆಂಧ್ರಪ್ರದೇಶಕ್ಕೆ ಹೋದವು. ಅದೇ ದಿನ ನಮ್ಮ ಪಕ್ಕದ ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯದ ಭಾಷೆ ಬದಲಾಯಿತು. ಅಡುಗೆಮನೆಯ ಭಾಷೆ ಹಾಗೆಯೇ ಉಳಿಯಿತು. ನಡುವೆ ನಿಂತದ್ದು ಶಾಲೆಗೆ ಹೋಗುವ ಮಗು.

ಅರಿಯದ ಭಾಷೆಯಲ್ಲಿ ಲೆಕ್ಕ ಕಲಿಯುವ ಮಗು ಎರಡು ಹೊರೆ ಹೊರುತ್ತದೆ: ಲೆಕ್ಕವನ್ನೂ ತಿಳಿಯಬೇಕು, ಮಾತನ್ನೂ ತಿಳಿಯಬೇಕು. ತಪ್ಪಾದರೆ ಎಲ್ಲರೂ ನಗುತ್ತಾರೆಂಬ ಅಂಜಿಕೆ ಬೇರೆ. ಮಗು ಬಾಯಿ ಮುಚ್ಚುತ್ತದೆ. ಮೇಷ್ಟ್ರು ಅದನ್ನು ದಡ್ಡತನ ಎಂದುಕೊಂಡರೆ ಕೊನೆಗೆ ಮಗುವೂ ಹಾಗೆಯೇ ನಂಬುತ್ತದೆ. ಕಲಿಕೆ ಇತರರೊಡನೆ ಆಡುವ ಮಾತಿನಲ್ಲೇ ಬೆಳೆಯುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ತೋರಿಸಿಕೊಟ್ಟರು. ಮಾತೇ ನಿಂತರೆ ಕಲಿಕೆಯ ದಾರಿಯೂ ಮುಚ್ಚುತ್ತದೆ.

ಇದು ಆಗಿನವರಿಗೆ ತಿಳಿಯದ ವಿಷಯವಲ್ಲ. ಮಗುವಿನ ಆರಂಭದ ಕಲಿಕೆ ತಾಯಿನುಡಿಯಲ್ಲಿರಲಿ ಎಂದು ಯುನೆಸ್ಕೊ 1953ರಲ್ಲೇ ಹೇಳಿತ್ತು. 1956ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳಿತು.

ಬ್ಯಾರಿ ಮಕ್ಕಳಿಗೆ ತಾಯಿನುಡಿಯ ಶಾಲೆ ಇಲ್ಲ. ನಮಗಿರುವುದು ಮನೆ ಒಂದೇ. ಶಾಲೆಗೆ ಅನುಕೂಲವಾಗಲಿ ಎಂದು ಕೆಲವು ಮನೆಗಳಲ್ಲಿ ಮಕ್ಕಳೊಡನೆ ಬ್ಯಾರಿ ಮಾತಾಡುವುದನ್ನೇ ಬಿಡುತ್ತಿದ್ದಾರೆ. ಮೊದಲ ಭಾಷೆ ಗಟ್ಟಿಯಾದಷ್ಟು ಎರಡನೆಯದು ಸುಲಭ ಎಂದು ಭಾಷಾ ಶಿಕ್ಷಣದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ವಾದಿಸಿದ್ದರು. ಉಮ್ಮ ಹೇಳುವ ಕತೆ, ಉಪ್ಪಾನ ಜೊತೆಗಿನ ಹರಟೆ ಮಗುವಿನ ಪಾಠಕ್ಕೆ ಅಡ್ಡಿಯಲ್ಲ, ಬುನಾದಿ. ಅದನ್ನು ನಾವೇ ಕೀಳುವುದು ಬೇಡ.